ಅಗ್ಗದ ಹತ್ಯಾರಿನ ಹಳೆಯ ವ್ಯಾಜ್ಯ

1876ರಲ್ಲಿ ಅಮೆರಿಕ ತನ್ನ ಸ್ವಾತಂತ್ರ್ಯದ ನೂರನೆಯ ವರ್ಷವನ್ನು ಫಿಲಡೆಲ್ಫಿಯಾದಲ್ಲಿ ಒಂದು ಮಹಾ ವಸ್ತುಪ್ರದರ್ಶನ ನಡೆಸಿ ಆಚರಿಸಿತು. ಜರ್ಮನಿಯ ಪ್ರತಿನಿಧಿಯಾಗಿ ಅಲ್ಲಿಗೆ ಬಂದವನು ಫ್ರಾಂಝ್ ರೂಲೋ ಎಂಬ ಪ್ರೊಫೆಸರ್. ಯಂತ್ರಗಳ ಚಲನೆಯನ್ನು ಒಂದು ಶಾಸ್ತ್ರವಾಗಿ ಕಟ್ಟಿದವರಲ್ಲಿ ಆತನ ಹೆಸರು ದೊಡ್ಡದು. ಮಳಿಗೆಯಿಂದ ಮಳಿಗೆಗೆ ಅಲೆದು ನೋಡಿದ ರೂಲೋ ಬರ್ಲಿನ್ನಿನ ಪತ್ರಿಕೆಗೆ ಕಾಗದಗಳನ್ನು ಬರೆದ. ನಮ್ಮ ದೇಶದ ಕೈಗಾರಿಕೆ ಹಿಡಿದಿರುವ ದಾರಿ ಅಗ್ಗ ಮತ್ತು ಕಳಪೆಯ ದಾರಿ ಎಂದು ಅವುಗಳಲ್ಲಿ ನೇರವಾಗಿ ಹೇಳಿಬಿಟ್ಟ. ಜರ್ಮನಿಯಲ್ಲಿ ಕೋಲಾಹಲವೆದ್ದಿತು. ಮನೆಯ ಮಾನವನ್ನು ಬೀದಿಗೆ ತಂದನೆಂದು ಬೈದವರು ಬಹಳ ಮಂದಿ.

ಹನ್ನೊಂದು ವರ್ಷಗಳ ನಂತರ ಬ್ರಿಟನ್ ಅದೇ ಮಾತನ್ನು ಕಾನೂನು ಮಾಡಿತು. ಜರ್ಮನಿಯ ಝೋಲಿಂಗೆನ್‌ನಲ್ಲಿ ತಯಾರಾದ ಅಗ್ಗದ ಚಾಕು, ಕತ್ತರಿಗಳು ಶೆಫೀಲ್ಡ್ ಮಾಲಿನ ವೇಷ ಹಾಕಿಕೊಂಡು ಬಿಕರಿಯಾಗುತ್ತಿವೆ ಎಂದು ಶೆಫೀಲ್ಡಿನ ಉಕ್ಕಿನ ಕಸುಬುದಾರರು ಬಹುಕಾಲ ದೂರುತ್ತಿದ್ದರು. 1887ರ ಆಗಸ್ಟ್‌ನಲ್ಲಿ ಬಂದ ಸರಕು ಮುದ್ರೆ ಕಾಯಿದೆ ಇಂಥ ಮೋಸಕ್ಕೆ ತಡೆ ಹಾಕಿತು. ಹೊರಗಿನ ಮಾಲು ಬ್ರಿಟಿಷ್ ಮಾಲಿನಂತೆ ಕಾಣಬಾರದು, ಬಂದ ದೇಶ ಯಾವುದೆಂದು ತೋರಿಸಬೇಕು. ಹೀಗೆ ಹುಟ್ಟಿತು ‘ಮೇಡ್ ಇನ್ ಜರ್ಮನಿ’ ಎಂಬ ಮುದ್ರೆ. ಕೊಳ್ಳುವವರು ಅದನ್ನು ಕಂಡು ದೂರ ಸರಿಯಲಿ ಎಂಬುದು ಅದರ ಹಿಂದಿನ ಉದ್ದೇಶ. ಆದದ್ದು ಬೇರೆ. 1896ರಲ್ಲಿ ಇ. ಇ. ವಿಲಿಯಮ್ಸ್ ಎಂಬಾತ ಅದೇ ಹೆಸರಿನ ಪುಸ್ತಕ ಬರೆದು, ಜರ್ಮನ್ ಸಾಮಾನು ಬ್ರಿಟನ್ನಿನ ಮನೆಮನೆಯನ್ನೂ ಹೊಕ್ಕಿದೆ ಎಂದು ಗಾಬರಿಯ ಗಂಟೆ ಬಾರಿಸಬೇಕಾಯಿತು. ಇವತ್ತು ಬೆಂಗಳೂರಿನ ಎಸ್‌ಪಿ ರಸ್ತೆಯ ಹಾರ್ಡ್‌ವೇರ್ ಅಂಗಡಿಯವನು ದುಬಾರಿ ಮಾಲನ್ನು ಗಿರಾಕಿಗೆ ದಾಟಿಸಲು ಬಳಸುವ ಮಾತುಗಳಲ್ಲಿ ‘ಜರ್ಮನಿ’ ಒಂದು.

ಮನೆಯ ಹಿತ್ತಲಲ್ಲೋ ಕಾರು ನಿಲ್ಲಿಸುವ ಜಾಗದಲ್ಲೋ ಒಂದು ಪುಟ್ಟ ಕಾರ್ಯಾಗಾರ ಕಟ್ಟಿಕೊಳ್ಳಲು ಹೊರಟವರ ಮುಂದೆ ನಿಲ್ಲುವ ಮೊದಲ ಪ್ರಶ್ನೆ ದುಡ್ಡಿನದು. ಸಾವಿರದ ಆಸುಪಾಸಿನ ಡ್ರಿಲ್ ಸಾಕೇ, ಅದರ ನಾಲ್ಕು ಪಟ್ಟು ಕೊಡಬೇಕೇ? ನೂರು ರೂಪಾಯಿಯ ಉಳಿ ಉಳಿಯೇ ಅಲ್ಲವೇ? ಈ ವ್ಯಾಜ್ಯಕ್ಕೆ ಇನ್ನೂರು ವರ್ಷಗಳ ದಾಖಲೆಯಿದೆ. ಆ ದಾಖಲೆಯನ್ನು ಬಿಚ್ಚಿ ನೋಡಿದರೆ ಅಗ್ಗ ಎಂಬುದು ಎರಡು ಬೇರೆ ಬೇರೆ ಬಾಗಿಲುಗಳಿಂದ ಬಂದಿರುವುದು ಕಾಣುತ್ತದೆ. ಮಾಡುವ ಕ್ರಮವೇ ಸುಧಾರಿಸಿ ಬೆಲೆ ಇಳಿದದ್ದು ಒಂದು. ಕಣ್ಣಿಗೆ ಕಾಣದ ಕಡೆ ಉಕ್ಕನ್ನೋ ಹದವನ್ನೋ ಕದ್ದು ಬೆಲೆ ಇಳಿಸಿದ್ದು ಇನ್ನೊಂದು. ಅಂಗಡಿಯ ಗಾಜಿನ ಹಿಂದೆ ಎರಡೂ ಒಂದೇ ಥರ ಹೊಳೆಯುತ್ತವೆ.

ಕಾರ್ಖಾನೆಗಳು ಬರುವ ಮೊದಲು ಈ ಪ್ರಶ್ನೆ ಹುಟ್ಟಲು ಜಾಗವೇ ಇರಲಿಲ್ಲ. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಕಮ್ಮಾರ, ಬಡಗಿ ಇಬ್ಬರೂ ಆಯಗಾರರು. ಸುಗ್ಗಿಯಲ್ಲಿ ಕಣಕ್ಕೆ ಬಂದು ತಮ್ಮ ಪಾಲಿನ ಕಾಳು ಪಡೆಯುತ್ತಿದ್ದರು, ವರ್ಷವಿಡೀ ಊರಿನ ನೇಗಿಲು, ಕುಡುಗೋಲು, ಬಂಡಿಗಳನ್ನು ನೋಡಿಕೊಳ್ಳುತ್ತಿದ್ದರು. ಬಡಗಿಯ ಉಳಿ, ಬಾಚಿಗಳನ್ನು ತಟ್ಟಿಕೊಡುವವನು ಪಕ್ಕದ ಕುಲುಮೆಯವನೇ. ಬಾಯಿ ಮಡಚಿದರೆ ಮರುದಿನ ಅದೇ ಕುಲುಮೆಗೆ ಮರಳುತ್ತಿತ್ತು. ಮೆತುಕಬ್ಬಿಣದ ಮೈಗೆ ಅಲಗಿನಷ್ಟೇ ಜಾಗದಲ್ಲಿ ಉಕ್ಕನ್ನು ಬೆಸೆಯುತ್ತಿದ್ದರು, ಏಕೆಂದರೆ ಉಕ್ಕು ದುಬಾರಿ. ಕಳಪೆ ಹದ ಹಾಕಿದ ಕಮ್ಮಾರ ವರ್ಷವಿಡೀ ಆ ಬಡಗಿಯ ಮುಖ ನೋಡಿಕೊಂಡೇ ಬದುಕಬೇಕಿತ್ತು. ಮಾಡಿದವನು ಮತ್ತು ಬಳಸಿದವನ ನಡುವೆ ಕಡಲು, ಕಂಪನಿ, ಬಣ್ಣದ ಡಬ್ಬಿಗಳು ಬಂದ ಮೇಲಷ್ಟೇ ‘ಇದನ್ನು ನಂಬಬಹುದೇ’ ಎಂಬ ಪ್ರಶ್ನೆ ಎದ್ದಿತು.

ಆ ಉಕ್ಕು ಎಷ್ಟು ಶ್ರಮದ್ದೆಂಬುದನ್ನು ಫ್ರಾನ್ಸಿಸ್ ಬುಕನನ್ ನೋಡಿ ಬರೆದಿಟ್ಟಿದ್ದಾನೆ. ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, 1800ರಲ್ಲಿ, ಆತ ಮೈಸೂರು ಸೀಮೆಯನ್ನು ಸುತ್ತಿದ. ಮಾಗಡಿಯ ಕಡೆ ಕಬ್ಬಿಣದ ತುಂಡನ್ನು ತಂಗಡಿ ಗಿಡದ ಕಟ್ಟಿಗೆ ಚೂರು ಮತ್ತು ಹಸಿರೆಲೆಗಳ ಜೊತೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ, ಕುಲುಮೆಯಲ್ಲಿ ಬೇಯಿಸಿ ಉಕ್ಕು ಮಾಡುವುದನ್ನು ಕಂಡ. ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿ ಎಳೆಯುತ್ತಿದ್ದರೆಂದೂ ಅದಕ್ಕೆ ದೂರದೂರದಲ್ಲಿ ಹೆಸರಿತ್ತೆಂದೂ ಬರೆದ. ಈ ದಕ್ಷಿಣದ ಉಕ್ಕಿನ ಮಾದರಿಗಳು ಆಗಲೇ ಲಂಡನ್ನಿಗೆ ತಲುಪಿದ್ದವು. ಜಾರ್ಜ್ ಪಿಯರ್ಸನ್ 1795ರಲ್ಲಿ ರಾಯಲ್ ಸೊಸೈಟಿಯ ಮುಂದೆ ಅದರ ಬಗ್ಗೆ ಪ್ರಬಂಧ ಮಂಡಿಸಿದ್ದ. ಮುಂದೆ ಚಾಕು ಕಸುಬಿನ ಜೇಮ್ಸ್ ಸ್ಟೋಡಾರ್ಟ್ ತರುಣ ಮೈಕೆಲ್ ಫ್ಯಾರಡೆಯ ಜೊತೆ ಸೇರಿ ಅದನ್ನು ಹೋಲುವ ಉಕ್ಕು ಮಾಡಲು ಪ್ರಯೋಗ ನಡೆಸಿದ. ಅಷ್ಟು ಮೆಚ್ಚುಗೆ ಪಡೆದ ಮಾಲೂ ಉಳಿಯಲಿಲ್ಲ. ಹಡಗು ತುಂಬಿ ಬಂದ ಅಗ್ಗದ ವಿಲಾಯಿತಿ ಕಬ್ಬಿಣದ ಮುಂದೆ 19ನೇ ಶತಮಾನದಲ್ಲಿ ಕನ್ನಡನಾಡಿನ ಕುಲುಮೆಗಳು ಒಂದೊಂದಾಗಿ ಆರಿದವು. ಅಗ್ಗದ ಚರಿತ್ರೆಯಲ್ಲಿ ಇದೂ ಒಂದು ಪುಟ, ನೋವಿನ ಪುಟ.

ಶೆಫೀಲ್ಡ್ ಮೇಲೆ ಬಂದದ್ದೂ ಮೂಸೆಯಿಂದಲೇ. ಡಾಂಕಾಸ್ಟರ್‌ನಲ್ಲಿ ಗಡಿಯಾರ ಕಸುಬು ಮಾಡಿಕೊಂಡಿದ್ದ ಬೆಂಜಮಿನ್ ಹಂಟ್ಸ್‌ಮನ್‌ಗೆ ಸ್ಪ್ರಿಂಗಿಗೆ ಒಗ್ಗುವ ಒಳ್ಳೆಯ ಉಕ್ಕು ಸಿಗುತ್ತಿರಲಿಲ್ಲ. 1740ರ ದಶಕದಲ್ಲಿ ಶೆಫೀಲ್ಡ್ ಬಳಿ ಉಕ್ಕನ್ನು ಜೇಡಿಮಣ್ಣಿನ ಮೂಸೆಯಲ್ಲಿ ಪೂರ್ತಿ ಕರಗಿಸಿ ಎರಕ ಹೊಯ್ಯುವುದನ್ನು ಸಾಧಿಸಿದ. ಊರಿನ ಚಾಕುಗಾರರು ಅದು ತಟ್ಟಲು ಬಲು ಗಟ್ಟಿ ಎಂದು ಕೊಳ್ಳಲಿಲ್ಲ. ಆತ ಫ್ರಾನ್ಸಿಗೆ ಮಾರಿದ. ಆ ಉಕ್ಕಿನ ಫ್ರೆಂಚ್ ಚಾಕುಗಳು ತಮ್ಮದೇ ಮಾರುಕಟ್ಟೆಗೆ ಬಂದಾಗ ಶೆಫೀಲ್ಡ್ ಎಚ್ಚೆತ್ತಿತು.

ಶೆಫೀಲ್ಡಿನ ಮಾಲು ಒಳ್ಳೆಯದಿತ್ತು, ನಿಜ. ಅದರ ಬೆಲೆಯ ಒಂದು ಪಾಲನ್ನು ಬೇರೆಯವರು ತೆತ್ತಿದ್ದರು. ಒಣ ಸಾಣೆಕಲ್ಲಿನ ಮೇಲೆ ಫೋರ್ಕುಗಳನ್ನು ಮಸೆಯುತ್ತಿದ್ದವರು ಮೂವತ್ತೈದು ದಾಟುವುದೇ ಅಪರೂಪ, ಕಲ್ಲು ಮತ್ತು ಉಕ್ಕಿನ ಧೂಳು ಶ್ವಾಸಕೋಶವನ್ನು ತಿಂದುಹಾಕುತ್ತಿತ್ತು. ಅಲ್ಲಿನ ವೈದ್ಯ ಕ್ಯಾಲ್ವರ್ಟ್ ಹಾಲೆಂಡ್ 1843ರಲ್ಲಿ ಇದರ ಬಗ್ಗೆ ಪುಸ್ತಕವನ್ನೇ ಬರೆದ. ಧೂಳು ಹಿಡಿಯುವ ಸಾಧನಗಳು ಬಂದಾಗ ಮಸೆಯುವವರಲ್ಲೇ ಹಲವರು ಬೇಡವೆಂದರು. ಸಾವು ಕಡಿಮೆಯಾದರೆ ಕೆಲಸಗಾರರು ಹೆಚ್ಚುತ್ತಾರೆ, ಕೂಲಿ ಇಳಿಯುತ್ತದೆ ಎಂಬುದು ಅವರ ಭಯ. ಅರ ಮಾಡುವವರ ಪಾಡೂ ಹೀಗೆಯೇ. ಅರದ ಹಲ್ಲುಗಳನ್ನು ಒಂದೊಂದಾಗಿ ಉಳಿ, ಸುತ್ತಿಗೆಯಿಂದ ಕಡಿಯಬೇಕು. ಅಡಿಗೆ ಸೀಸದ ದಿಂಬು, ಅದರಿಂದ ಮೈಯೊಳಗೆ ಸೀಸದ ವಿಷ. ಹಳೆಯ ಕಾಲದ ಕೈಕೆಲಸವನ್ನು ಹಾಡಿ ಹೊಗಳುವ ಮೊದಲು ಇದನ್ನು ನೆನೆಯಬೇಕು.

ಯಂತ್ರದ ಅರದ ಕಥೆಯನ್ನು ಸ್ವಲ್ಪ ನಿಂತು ನೋಡುವುದು ಒಳ್ಳೆಯದು, ಏಕೆಂದರೆ ಇಡೀ ವ್ಯಾಜ್ಯ ಅದರಲ್ಲಿ ಅಡಗಿದೆ. ಅರಕ್ಕೆ ಹಲ್ಲು ಕಡಿಯುವ ಯಂತ್ರಗಳನ್ನು ಅನೇಕರು ಪ್ರಯತ್ನಿಸಿ ಸೋತಿದ್ದರು. ಹಲ್ಲುಗಳು ತೀರಾ ಸಮಸಮವಾಗಿ ಬಂದರೆ ಅರ ಲೋಹದ ಮೇಲೆ ಅದುರುತ್ತದೆ, ಗೆರೆ ಬೀಳಿಸುತ್ತದೆ. ನುರಿತವನ ಕೈಯಲ್ಲಿ ತಾನಾಗಿ ಬರುತ್ತಿದ್ದ ಅಲ್ಪಸ್ವಲ್ಪ ಏರುಪೇರೇ ಕೈ ಅರದ ಗುಟ್ಟು. ಅಮೆರಿಕದ ರೋಡ್ ಐಲ್ಯಾಂಡಿನ ವಿಲಿಯಂ ನಿಕೋಲ್ಸನ್ ಹಲ್ಲುಗಳ ಅಂತರವನ್ನು ಬೇಕೆಂದೇ ಕ್ರಮಕ್ರಮವಾಗಿ ಬದಲಿಸುವ ಯಂತ್ರ ಕಟ್ಟಿ, 1864ರಲ್ಲಿ ಪ್ರಾವಿಡೆನ್ಸ್ ನಗರದಲ್ಲಿ ಕಂಪನಿ ತೆರೆದ. ಯಂತ್ರದ ಅರ ಕೈ ಅರಕ್ಕೆ ಸಾಟಿಯಲ್ಲ ಎಂಬ ಹಟ ಶೆಫೀಲ್ಡಿನಲ್ಲಿ ಇನ್ನೂ ಇತ್ತು. 1866ರಲ್ಲಿ ಅಲ್ಲಿ ಅರದ ಕಸುಬಿನವರ ದೊಡ್ಡ ಮುಷ್ಕರವೂ ನಡೆಯಿತು. ಕೆಲವೇ ದಶಕಗಳಲ್ಲಿ ನಿಕೋಲ್ಸನ್ ಜಗತ್ತಿನ ಅತಿ ದೊಡ್ಡ ಅರದ ಕಂಪನಿಯಾಯಿತು. ಈಗ ಆ ಸಾಲಿನಲ್ಲಿ ಭಾರತದ ಜೆ.ಕೆ. ಫೈಲ್ಸ್ ನಿಂತಿದೆ. ಹಳ್ಳಿಯ ಗರಗಸದವನಿಂದ ಹಿಡಿದು ಪೀಣ್ಯದ ಫಿಟ್ಟರ್‌ವರೆಗೆ ಎಲ್ಲರ ಕೈಯಲ್ಲೂ ಓಡಾಡುವ ಅರಗಳು ಯಂತ್ರದವೇ, ಬೆಲೆ ಕಡಿಮೆ, ಕೆಲಸ ಒಳ್ಳೆಯದು. ಕ್ರಮ ಸುಧಾರಿಸಿ ಬಂದ ಅಗ್ಗಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ.

ಬಡಗಿಯ ಹತ್ತರಿಯಲ್ಲೂ ಹೀಗೆಯೇ ಆಯಿತು. ಮರದ ದಿಮ್ಮಿಯಲ್ಲಿ ಅಲಗು ಕೂರಿಸಿ, ಬೆಣೆ ಬಡಿದು, ಸುತ್ತಿಗೆಯಿಂದ ತಟ್ಟಿ ತಟ್ಟಿ ಸರಿ ಮಾಡಿಕೊಳ್ಳುವುದು ಅಲ್ಲಿಯವರೆಗಿನ ರೂಢಿ. ಲಿಯೊನಾರ್ಡ್ ಬೇಯ್ಲಿ ಎಂಬ ಅಮೆರಿಕನ್ನನು ಎರಕದ ಕಬ್ಬಿಣದ ಮೈಗೆ ತಿರುಪಿನಿಂದ ಅಲಗನ್ನು ಏರಿಸಿ ಇಳಿಸುವ ಏರ್ಪಾಟು ಮಾಡಿದ. ಕನೆಕ್ಟಿಕಟ್ ರಾಜ್ಯದ ಸ್ಟ್ಯಾನ್ಲಿ ಕಂಪನಿ 1869ರಲ್ಲಿ ಅವನ ಪೇಟೆಂಟುಗಳನ್ನು ಕೊಂಡು ರಾಶಿರಾಶಿಯಾಗಿ ತಯಾರಿಸಿತು. ಪೇಟೆಂಟಿನ ಅವಧಿ ಮುಗಿದ ಮೇಲೆ ಶೆಫೀಲ್ಡಿನ ರೆಕಾರ್ಡ್ ಕಂಪನಿ 1931ರಿಂದ ಅದೇ ನಮೂನೆಯನ್ನು ಮಾಡತೊಡಗಿತು, ಮುಂದೆ ಭಾರತದ ತಯಾರಕರೂ ಮಾಡಿದರು. ಒಂದೂವರೆ ಶತಮಾನದ ನಂತರವೂ ಅಂಗಡಿಯ ಅತ್ಯಂತ ಅಗ್ಗದ ಹತ್ತರಿಯ ಒಡಲು ಬೇಯ್ಲಿಯದೇ. ತಳ ಸಪಾಟಾಗಿದೆಯೇ, ಅಲಗಿನ ಉಕ್ಕು ಎಂಥದು, ಅಲಗು ಕೂರುವ ಗದ್ದುಗೆ ನೇರವಾಗಿದೆಯೇ, ವ್ಯತ್ಯಾಸವಿರುವುದು ಇಷ್ಟರಲ್ಲಿ. ತಳವನ್ನು ದಪ್ಪ ಗಾಜಿನ ಮೇಲೆ ಎಮರಿ ಕಾಗದ ಹಾಸಿ ಒಂದು ಭಾನುವಾರ ಉಜ್ಜಿ ಸರಿಪಡಿಸಬಹುದು. ಅಲಗನ್ನು ಬದಲಿಸಬಹುದು. ಹಾಗಾಗಿ ಕಡಿಮೆ ಬೆಲೆಯ ಹತ್ತರಿಯನ್ನು ಅರೆಸಿದ್ಧ ಸಾಮಾನೆಂದು ತಿಳಿದು ಕೊಂಡರೆ ನಷ್ಟವಿಲ್ಲ. ಪೂರ್ತಿ ಸಿದ್ಧವೆಂದು ನಂಬಿ ಮೊದಲ ದಿನವೇ ತೇಗದ ಹಲಗೆಗೆ ಇಟ್ಟರೆ ಹಲಗೆ ಹಾಳು.

ಕದ್ದ ಅಗ್ಗದ ಚರಿತ್ರೆಯೂ ಇಷ್ಟೇ ಉದ್ದ. ಎರಕದ ಕಬ್ಬಿಣದಲ್ಲಿ ಚಾಕು, ಕತ್ತರಿ ಹೊಯ್ದು ಹೊಳಪು ಕೊಟ್ಟರೆ ತಟ್ಟಿದ ಉಕ್ಕಿನದೆಂದೇ ಕಾಣುತ್ತಿತ್ತು. ಈ ಮೋಸ ಎಷ್ಟು ಬೆಳೆಯಿತೆಂದರೆ, ಸುತ್ತಿಗೆಯಲ್ಲಿ ತಟ್ಟಿ ಮಾಡಿದ ಮಾಲಿಗೆ ಮಾತ್ರ ಸುತ್ತಿಗೆಯ ಚಿತ್ರದ ಮುದ್ರೆ ಒತ್ತಬಹುದೆಂದು ಬ್ರಿಟನ್ 1819ರಲ್ಲಿ ಕಾನೂನು ಮಾಡಬೇಕಾಯಿತು. ಅಮೆರಿಕದ ಗರಗಸಗಳ ಹಿಡಿಯ ಮೇಲೆ ‘ವಾರಂಟೆಡ್ ಸುಪೀರಿಯರ್’ ಎಂದು ಬರೆದ ಹಿತ್ತಾಳೆಯ ಬಿಲ್ಲೆ ಬರುತ್ತಿತ್ತು. ಕೇಳಲು ಅತ್ಯುತ್ತಮವೆಂಬ ಖಾತರಿ, ಆದರೆ ಡಿಸ್ಟನ್‌ನಂಥ ಕಂಪನಿಗಳ ಹೆಸರು ಹೊತ್ತ ಮೊದಲ ದರ್ಜೆಯ ಗರಗಸಗಳಿಗಿಂತ ಕೆಳಗಿನ ಮಾಲಿನ ಮೇಲೆ ಹೆಚ್ಚಾಗಿ ಕಾಣುತ್ತಿದ್ದುದು ಅದೇ ಬಿಲ್ಲೆ. ಈಗಿನ ಡ್ರಿಲ್ ಬಿಟ್ಟುಗಳ ಬಂಗಾರದ ಬಣ್ಣ ಇದೇ ವಂಶದ್ದು. ಒಳ್ಳೆಯ ಬಿಟ್ಟಿಗೆ ಟೈಟೇನಿಯಂ ನೈಟ್ರೈಡ್ ಲೇಪ ಕೊಟ್ಟರೆ ಆ ಬಣ್ಣ ಬರುತ್ತದೆ, ಬಾಳಿಕೆಯೂ ಹೆಚ್ಚುತ್ತದೆ. ಸಾದಾ ಉಕ್ಕಿಗೆ ಬರೀ ಬಣ್ಣ ಬಳಿದರೂ ಅದೇ ಹೊಳಪು. ಫ್ರೆಡರಿಕ್ ಟೇಲರ್ ಮತ್ತು ಮೌನ್ಸೆಲ್ ವೈಟ್ ಎಂಬಿಬ್ಬರು ಬೆತ್ಲೆಹೆಮ್ ಸ್ಟೀಲ್ ಕಾರ್ಖಾನೆಯಲ್ಲಿ ರೂಪಿಸಿ, 1900ರ ಪ್ಯಾರಿಸ್ ಪ್ರದರ್ಶನದಲ್ಲಿ ತೋರಿಸಿದ ಹೈ ಸ್ಪೀಡ್ ಸ್ಟೀಲ್ ಕೆಂಪಗೆ ಕಾದರೂ ಮೊನೆ ಕಳೆದುಕೊಳ್ಳುವುದಿಲ್ಲ. ಸಾದಾ ಉಕ್ಕು ನೀಲಿ ತಿರುಗುವಷ್ಟು ಬಿಸಿಗೇ ಮೆತ್ತಗಾಗುತ್ತದೆ. ಬಣ್ಣದ ಕೆಳಗೆ ಯಾವುದಿದೆ ಎಂಬುದರ ಮೇಲೆ ಎಲ್ಲ ನಿಂತಿದೆ.

ಮನೆಯ ಕಾರ್ಯಾಗಾರ ಎಂಬ ಮಾರುಕಟ್ಟೆ ಹುಟ್ಟಿದ್ದು ತಡವಾಗಿ. ಲಂಡನ್ನಿನಲ್ಲಿ ಪರ್ಸಿವಲ್ ಮಾರ್ಷಲ್ 1898ರಲ್ಲಿ ‘ಮಾಡೆಲ್ ಎಂಜಿನಿಯರ್’ ಪತ್ರಿಕೆ ಆರಂಭಿಸಿದಾಗ ಸಂಜೆಯ ಹೊತ್ತು ಪುಟ್ಟ ಉಗಿಯಂತ್ರ ಕಟ್ಟುವ ಗುಮಾಸ್ತರು, ಶಿಕ್ಷಕರು ಆಗಲೇ ಸಾಕಷ್ಟಿದ್ದರು. ಕಸುಬುದಾರನ ಲೇತ್ ಅವರ ಕೈಗೆಟುಕುತ್ತಿರಲಿಲ್ಲ. ಕಂಪನಿಗಳು ಎಚ್ಚೆತ್ತವು. ಸ್ಟ್ಯಾನ್ಲಿ 1923ರಲ್ಲಿ ‘ಫೋರ್ ಸ್ಕ್ವೇರ್’ ಎಂಬ ಹೆಸರಿನಲ್ಲಿ ಮನೆಬಳಕೆಗೆಂದೇ ಒಂದು ಸಾಲು ತಂದಿತು, 1935ರ ಹೊತ್ತಿಗೆ ನಿಲ್ಲಿಸಿತು. ಈಗ ಅವನ್ನು ಸಂಗ್ರಹಕಾರರು ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ.

ಸಿಯರ್ಸ್ ಎಂಬ ಅಂಚೆ ಮಾರಾಟದ ದೈತ್ಯ 1927ರಲ್ಲಿ ‘ಕ್ರಾಫ್ಟ್ಸ್‌ಮನ್’ ಎಂಬ ಹೆಸರನ್ನು ಬರೀ 500 ಡಾಲರಿಗೆ ಕೊಂಡಿತು. ಸಿಯರ್ಸ್ ಸ್ವತಃ ಒಂದು ಸುತ್ತಿಗೆಯನ್ನೂ ಮಾಡುತ್ತಿರಲಿಲ್ಲ. ಬೇರೆಯವರಿಂದ ಮಾಡಿಸಿ ತನ್ನ ಮುದ್ರೆ ಒತ್ತುತ್ತಿತ್ತು. ಕ್ರಾಫ್ಟ್ಸ್‌ಮನ್ನಿನ ಕೆಳಗೆ ‘ಡನ್‌ಲ್ಯಾಪ್’ ಎಂಬ ಇನ್ನೂ ಅಗ್ಗದ ಸಾಲೂ ಇತ್ತು. ಕ್ರಾಫ್ಟ್ಸ್‌ಮನ್ ಕೈಹತ್ಯಾರು ಮುರಿದರೆ ತಂದು ಕೊಡಿ, ಹೊಸದು ಒಯ್ಯಿರಿ, ಎಷ್ಟು ವರ್ಷವಾದರೂ ಸರಿ ಎಂಬ ಅದರ ಭರವಸೆ ಅಮೆರಿಕದ ಮಧ್ಯಮವರ್ಗದ ಮನೆಗಳಲ್ಲಿ ಮನೆಮಾತಾಯಿತು. 2017ರಲ್ಲಿ ಸ್ಟ್ಯಾನ್ಲಿ ಬ್ಲ್ಯಾಕ್ ಅಂಡ್ ಡೆಕರ್ ಕಂಪನಿ ಆ ಹೆಸರನ್ನು ಸುಮಾರು 90 ಕೋಟಿ ಡಾಲರಿಗೆ ಕೊಂಡಿತು. ಮುರಿದ ಪಾನಾವನ್ನು ಮರುಮಾತಿಲ್ಲದೆ ಬದಲಿಸಿಕೊಟ್ಟ ತೊಂಬತ್ತು ವರ್ಷಗಳ ನಡತೆಯೇ ಆ ಬೆಲೆಯ ಬಹುಪಾಲು. ಸಾಮಾನಿನ ಬೆಲೆಯ ಜೊತೆ, ಕೆಟ್ಟಾಗ ಯಾರು ಜವಾಬು ಕೊಡುತ್ತಾರೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ಆ ಗಿರಾಕಿಗಳು ಕಂಡುಕೊಂಡಿದ್ದರು.

ಸಿಯರ್ಸಿಗೆ ಲೇತ್ ಮಾಡಿಕೊಡುತ್ತಿದ್ದ ಅಟ್ಲಾಸ್ ಪ್ರೆಸ್ ಕಂಪನಿ ಮಿಷಿಗನ್ನಿನ ಕಲಮಝೂ ಊರಿನದು. 1930ರ ದಶಕದಲ್ಲಿ ಬೆಲೆ ಇಳಿಸಲು ಅದು ಗಿಯರುಗಳನ್ನೂ ಹಿಡಿಗಳನ್ನೂ ಸತುವಿನ ಮಿಶ್ರಲೋಹ ಝಮಾಕ್‌ನಲ್ಲಿ ಎರಕ ಹೊಯ್ದಿತು. ಸತುವಿನ ಹಳೆಯ ಎರಕಗಳಿಗೆ ಒಂದು ರೋಗವಿತ್ತು. ಸೀಸದಂಥ ಕಶ್ಮಲ ಸೇರಿದ್ದರೆ ಕೆಲವು ವರ್ಷಗಳಲ್ಲಿ ಉಬ್ಬಿ, ಬಿರಿದು, ಪುಡಿಯಾಗುತ್ತಿದ್ದವು. ನ್ಯೂಜೆರ್ಸಿ ಝಿಂಕ್ ಕಂಪನಿ ಅತಿ ಶುದ್ಧ ಸತುವಿನಿಂದ 1929ರಲ್ಲಿ ರೂಪಿಸಿದ ಝಮಾಕ್ ಈ ರೋಗವನ್ನು ಬಹುಮಟ್ಟಿಗೆ ಕಳೆಯಿತು. ಉಕ್ಕಿನ ಗಿಯರಿಗೆ ಅದು ಸಮವಲ್ಲ, ಹೊರೆ ಹೆಚ್ಚಾದರೆ ಹಲ್ಲು ಮುರಿಯುತ್ತದೆ. ಆದರೂ ಎಂಬತ್ತು, ತೊಂಬತ್ತು ವರ್ಷಗಳ ಹಿಂದಿನ ಅಟ್ಲಾಸ್ ಲೇತುಗಳು ಮನೆಗಳಲ್ಲಿ ಇವತ್ತೂ ತಿರುಗುತ್ತಿವೆ. ಕಾರ್ಖಾನೆಯಲ್ಲಿ ಎರಡು ಪಾಳಿ ದುಡಿಸಿದ್ದರೆ ಅವು ಎಂದೋ ಸವೆಯುತ್ತಿದ್ದವು. ಶನಿವಾರ, ಭಾನುವಾರಗಳ ಕೆಲಸಕ್ಕೆ ಆ ಸಾಮರ್ಥ್ಯ ಸಾಕಾಗಿತ್ತು.

ಇದೇ ಲೆಕ್ಕವನ್ನು ಪೂರ್ತಿಯಾಗಿ ಹಾಕಿದ್ದು ಬ್ಲ್ಯಾಕ್ ಅಂಡ್ ಡೆಕರ್. ಬಾಲ್ಟಿಮೋರಿನಲ್ಲಿ 1910ರಲ್ಲಿ ಇಬ್ಬರು ಗೆಳೆಯರು ಹುಟ್ಟುಹಾಕಿದ ಈ ಕಂಪನಿ 1917ರಲ್ಲಿ ಪಿಸ್ತೂಲಿನ ಹಿಡಿ, ಕುದುರೆಗಳಿರುವ ವಿದ್ಯುತ್ ಬೈರಿಗೆಗೆ ಪೇಟೆಂಟ್ ಪಡೆಯಿತು. ಮೊದಲ ಯಂತ್ರ ಸುಮಾರು ಹತ್ತು ಕಿಲೋ ಭಾರ, ಕಾರ್ಖಾನೆಗೆ ಮಾತ್ರ ಎಟುಕುವ ಬೆಲೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಶಸ್ತ್ರ ಕಾರ್ಖಾನೆಗಳ ಕೆಲಸಗಾರರು ಡ್ರಿಲ್‌ಗಳನ್ನು ಮನೆಗೆ ಒಯ್ಯುತ್ತಿದ್ದರೆಂಬುದು ಕಂಪನಿಯ ಚರಿತ್ರೆಯಲ್ಲಿ ಮತ್ತೆ ಮತ್ತೆ ಬರುವ ಮಾತು. ಮನೆಯಲ್ಲೂ ಇದು ಬೇಕಾಗಿದೆ ಎಂದು ಕಂಪನಿ ಅರಿತುಕೊಂಡಿತು. 1946ರಲ್ಲಿ ಕಾಲಿಂಚಿನ ಮನೆಬಳಕೆಯ ಡ್ರಿಲ್ 16.95 ಡಾಲರಿಗೆ ಅಂಗಡಿಗೆ ಬಂತು. 1951ರ ಹೊತ್ತಿಗೆ ಹತ್ತು ಲಕ್ಷದ ಡ್ರಿಲ್ ತಯಾರಾಗಿತ್ತು. ಮನೆಯ ಡ್ರಿಲ್ಲಿನ ಬೆಲೆ ಇಳಿಯುವುದು ಅದರ ದುಡಿಮೆಯ ಗಂಟೆಗಳನ್ನು ಅಳೆದು ಮಾಡುವುದರಿಂದ. ಬಾಲ್ ಬೇರಿಂಗ್ ಇರಬೇಕಾದಲ್ಲಿ ಬುಷ್, ಸಣ್ಣ ಮೋಟಾರು, ಹಗುರವಾದ ಮೈ. ಗೋಡೆಗೆ ಚಿತ್ರಪಟ ತೂಗುಹಾಕುವವನಿಗೆ, ಕಪಾಟಿನ ಕೀಲು ಕೂರಿಸುವವನಿಗೆ ಇದರಿಂದ ನಷ್ಟವಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಕಾಂಕ್ರೀಟು ಕೊರೆಯುವ ಪ್ಲಂಬರ್ ಅದನ್ನು ಕೊಂಡರೆ ವಾರದಲ್ಲಿ ಸುಟ್ಟ ವಾಸನೆ ಬರುತ್ತದೆ.

ಆ ಮೇಲೆ ಅಗ್ಗದ ಕಾರ್ಖಾನೆ ಪೂರ್ವಕ್ಕೆ ಸರಿಯಿತು. ಮೊದಲು ಜಪಾನ್, ಆಮೇಲೆ ತೈವಾನಿನ ತೈಚುಂಗ್, ಆಮೇಲೆ ಚೀನಾ. ಜರ್ಮನಿ ಕೇಳಿಸಿಕೊಂಡ ಮಾತುಗಳನ್ನೇ ಮೂವರೂ ಕೇಳಿಸಿಕೊಂಡರು. 1958ರಲ್ಲಿ ಜಪಾನಿನ ಮೊದಲ ಕೈ ವಿದ್ಯುತ್ ಹತ್ತರಿ ಮಾಡಿದ ಮಕಿತಾ ಈಗ ವೃತ್ತಿಯ ಬಡಗಿಗಳು ಕಣ್ಣು ಮುಚ್ಚಿ ಕೊಳ್ಳುವ ಹೆಸರು. ಹಾಗೆಂದು ಎಲ್ಲ ಅಗ್ಗವೂ ಕಾಲಕ್ರಮದಲ್ಲಿ ಒಳ್ಳೆಯದಾಗುತ್ತದೆಂದು ತಿಳಿದರೆ ಪೆಟ್ಟು ತಿನ್ನಬೇಕಾಗುತ್ತದೆ. ಕಡಿಮೆ ಬೆಲೆಗೆ ಹೆಸರಾದ ಅಮೆರಿಕದ ಹಾರ್ಬರ್ ಫ್ರೈಟ್ ಮಳಿಗೆಗಳು 2020ರಲ್ಲಿ ಕಾರಿನಡಿ ಆಧಾರವಾಗಿ ಇಡುವ ಜ್ಯಾಕ್ ಸ್ಟ್ಯಾಂಡುಗಳನ್ನು ಹಿಂದಕ್ಕೆ ಕರೆಸಿಕೊಂಡವು. ಎರಕದ ಅಚ್ಚು ಸವೆದು, ಹಲ್ಲು ಸರಿಯಾಗಿ ಕಚ್ಚದೆ ಹೊರೆ ಕುಸಿಯುವ ಅಪಾಯವಿತ್ತು. ಬದಲಿಗೆ ಕೊಟ್ಟವುಗಳಲ್ಲೂ ಕೆಲವಕ್ಕೆ ಬೆಸುಗೆಯ ದೋಷ ಕಂಡು ಅವನ್ನೂ ಅದೇ ವರ್ಷ ವಾಪಸು ಪಡೆಯಬೇಕಾಯಿತು. ಕಾರಿನ ಕೆಳಗೆ ಮಲಗುವವನ ಎದೆಗೂ ಒಂದೂವರೆ ಟನ್ನಿಗೂ ನಡುವೆ ಇರುವುದು ಆ ಹಲ್ಲೊಂದೇ. ಅಲ್ಲಿ ಉಳಿಸಿದ ನೂರು ರೂಪಾಯಿ ಯಾವ ಲೆಕ್ಕಕ್ಕೂ ಬಾರದು.

ಕರ್ನಾಟಕಕ್ಕೆ ಮರಳಿದರೆ, ಇಲ್ಲಿ ಆಧುನಿಕ ಲೋಹದ ಕೆಲಸದ ಅಡಿಪಾಯ ಸರ್ಕಾರದ ದೊಡ್ಡ ಕಾರ್ಖಾನೆಗಳದ್ದು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿತು, 1940ರಲ್ಲಿ ಬೆಂಗಳೂರಿಗೆ ವಿಮಾನ ಕಾರ್ಖಾನೆ ಬಂತು, 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಕಾರದಲ್ಲಿ ಎಚ್‌ಎಂಟಿ ಹುಟ್ಟಿತು. ಜಾಲಹಳ್ಳಿಯಲ್ಲಿ ತಯಾರಾದ ಲೇತು ಎಂದರೆ ನಿಖರತೆಗೆ ಇನ್ನೊಂದು ಹೆಸರು. ಆದರೆ ಹುಬ್ಬಳ್ಳಿಯ ಗ್ಯಾರೇಜಿಗೋ ಶಿವಮೊಗ್ಗದ ಸಣ್ಣ ವರ್ಕ್‌ಶಾಪಿಗೋ ಅದು ಎಟುಕುವ ವಸ್ತುವಾಗಿರಲಿಲ್ಲ. ಅಂಥವರು ಪಂಜಾಬಿನ ಬಟಾಲ, ಗುಜರಾತಿನ ರಾಜಕೋಟ್‌ಗಳ ಬೆಲ್ಟು ಲೇತುಗಳನ್ನು ತರಿಸಿದರು. ಪಟ್ಟೆ ಹಾಕಿ ಓಡಿಸುವ ಆ ಯಂತ್ರಗಳ ಹಾಸು ಸವೆದಿದ್ದರೂ ಎಲ್ಲಿ ಎಷ್ಟು ಸವೆದಿದೆ ಎಂದು ಬಲ್ಲ ಮಿಸ್ತ್ರಿ ಅದರಲ್ಲೇ ಪಂಪಿನ ಶಾಫ್ಟನ್ನು ಕೂದಲೆಳೆಯಷ್ಟು ಕರಾರುವಾಕ್ಕಾಗಿ ಕಡಿಯುತ್ತಿದ್ದ. ನಾಡಿನ ನೀರಾವರಿ ಪಂಪುಗಳು, ಅಕ್ಕಿ ಗಿರಣಿಗಳು, ಟ್ರ್ಯಾಕ್ಟರುಗಳು ಓಡಿದ್ದರಲ್ಲಿ ಈ ಅಗ್ಗದ ಲೇತುಗಳ ಪಾಲು ದೊಡ್ಡದು. ಅದನ್ನು ಯಾರೂ ಬರೆದಿಡಲಿಲ್ಲ ಎಂಬುದು ಬೇಸರದ ಸಂಗತಿ.

1991ಕ್ಕೆ ಮೊದಲು ಪರದೇಶದ ಹತ್ಯಾರು ತರಿಸುವುದು ಲೈಸೆನ್ಸು, ಸುಂಕಗಳ ಕಾಟದಿಂದ ಮನೆಯವರಿಗೆ ಅಸಾಧ್ಯವೇ. ಸ್ವೀಡನ್ನಿನ ಸಹಕಾರದಿಂದ ಬೆಳೆದ ನಾಸಿಕ್‌ನ ತಾಪಡಿಯಾ, ಜಲಂಧರದ ಕೈಹತ್ಯಾರು ಕಾರ್ಖಾನೆಗಳು, ಇವೇ ಆಸರೆ. ಜಲಂಧರದ ಮಾಲು ಆಗಲೂ ಈಗಲೂ ಎರಡು ಮುಖದ್ದು. ವಿದೇಶಕ್ಕೆ ಹೋಗುವ ಪಾನಾ ಒಂದು ಹದದ್ದು, ಜಾತ್ರೆ ಸಂತೆಗಳಲ್ಲಿ ತೂಕಕ್ಕೆ ಮಾರುವ ಪಾನಾ ಇನ್ನೊಂದು ಹದದ್ದು. ಊರು ಒಂದೇ, ಬಣ್ಣವೂ ಒಂದೇ. ತಾಪಡಿಯಾ ಕಟಿಂಗ್ ಪ್ಲೇಯರ್ ಕರ್ನಾಟಕದ ಎಲೆಕ್ಟ್ರಿಷಿಯನ್ನರ ಚೀಲದಲ್ಲಿ ಖಾಯಂ ಜಾಗ ಪಡೆದಿದೆ. ಅದು ದುಬಾರಿಯೇನಲ್ಲ, ಹದ ಮಾತ್ರ ಸರಿಯಾಗಿದೆ.

ಆಯುಧ ಪೂಜೆಯ ದಿನ ಗ್ಯಾರೇಜುಗಳಲ್ಲಿ ಅರಿಶಿನ ಕುಂಕುಮ ಹಚ್ಚಿ ಸಾಲಾಗಿ ಜೋಡಿಸಿದ ಹತ್ಯಾರುಗಳನ್ನು ಗಮನವಿಟ್ಟು ನೋಡಿದರೆ ಬಲ್ಲವರು ದುಡ್ಡನ್ನು ಎಲ್ಲಿ ಸುರಿದಿದ್ದಾರೆಂಬುದು ತಿಳಿಯುತ್ತದೆ. ಸುತ್ತಿಗೆ ಯಾವುದೋ ಹೆಸರಿಲ್ಲದ್ದು, ಹಿಡಿ ನಾಲ್ಕು ಸಲ ಬದಲಾದದ್ದು. ಅಳತೆಯ ವರ್ನಿಯರ್ ಮಾತ್ರ ಹೆಸರುವಾಸಿ ಕಂಪನಿಯದು, ಬಟ್ಟೆಯಲ್ಲಿ ಸುತ್ತಿ ಇಟ್ಟದ್ದು.

ಮನೆಯ ಕಾರ್ಯಾಗಾರಕ್ಕೆ ಚರಿತ್ರೆ ಕೊಡುವ ತೀರ್ಪೂ ಹೆಚ್ಚು ಕಡಿಮೆ ಇದೇ. ಸುತ್ತಿಗೆ, ಕ್ಲ್ಯಾಂಪು, ಹಲಗೆ ಬಿಗಿಯುವ ವೈಸು, ಸಾಮಾನಿನ ಪೆಟ್ಟಿಗೆ, ಆಗೊಮ್ಮೆ ಈಗೊಮ್ಮೆ ಓಡುವ ಡ್ರಿಲ್, ಇವುಗಳಲ್ಲಿ ಕಡಿಮೆ ಬೆಲೆಯದನ್ನು ಧೈರ್ಯವಾಗಿ ಕೊಳ್ಳಬಹುದು. ಮೊನೆ ಇರುವುದು, ಅಳತೆ ಹೇಳುವುದು, ಹೊರೆ ಹೊರುವುದು, ಕರೆಂಟು ತಡೆಯುವುದು, ಇವುಗಳಲ್ಲಿ ಜಿಪುಣತನ ಬೇಡ. 1954ರಲ್ಲಿ ಜರ್ಮನಿಯ ಫ್ಲೆಕ್ಸ್ ಕಂಪನಿ ಪರಿಚಯಿಸಿದ ಆಂಗಲ್ ಗ್ರೈಂಡರ್ ಈಗ ಅತಿ ಅಗ್ಗಕ್ಕೂ ಸಿಗುತ್ತದೆ. ಅದರ ಕಬ್ಬಿಣದ ಕಾಪು ಸಡಿಲವಾಗಿದ್ದರೆ, ಸಾಣೆ ಚಕ್ರದ ಮೇಲೆ ವೇಗದ ಮಿತಿ ಬರೆದಿರದಿದ್ದರೆ ಉಚಿತವಾಗಿ ಕೊಟ್ಟರೂ ಮನೆಗೆ ತರಬಾರದು. ಮೊದಲು ಅಗ್ಗದ್ದು ಕೊಳ್ಳು, ಅದು ಮುರಿದರೆ ಒಳ್ಳೆಯದು ಕೊಳ್ಳು ಎಂಬ ಹಳೆಯ ಸಲಹೆ ಪಾನಾ ಸೆಟ್ಟಿಗೆ ಸರಿ, ಉಳಿಗೆ ತಪ್ಪು. ಹೊಸದಾಗಿ ಕಲಿಯುವವನ ಉಳಿ ಮರವನ್ನು ಕಡಿಯುವ ಬದಲು ಹರಿದರೆ, ತಪ್ಪು ತನ್ನ ಕೈಯದೆಂದೇ ಅವನು ತಿಳಿಯುತ್ತಾನೆ. ನುರಿತ ಬಡಗಿ ಕಳಪೆ ಉಳಿಯನ್ನು ಒಂದೇ ಏಟಿಗೆ ಗುರುತಿಸಿ ಬದಿಗಿಡುತ್ತಾನೆ. ಕಲಿಯುವವನು ಬದಿಗಿಡುವುದು ಬಡಗಿತನವನ್ನೇ. ಕಳಪೆ ಹತ್ಯಾರು ಮಾಡುವ ಹಾನಿಗಳಲ್ಲಿ ದೊಡ್ಡದು ಇದು.

ಹಳೆಯದನ್ನು ಕೊಳ್ಳುವ ದಾರಿಯೂ ತೆರೆದೇ ಇದೆ. ನಿವೃತ್ತ ಫಿಟ್ಟರುಗಳು ಮನೆ ಖಾಲಿ ಮಾಡುವಾಗ ಬಿಟ್ಟುಹೋಗುವ ವೈಸು, ರೆಕಾರ್ಡ್ ಹತ್ತರಿ, ಸ್ಟ್ಯಾನ್ಲಿ ಉಳಿಗಳು ಗುಜರಿ ಅಂಗಡಿಗಳಲ್ಲಿ ತುಕ್ಕು ಹಿಡಿದು ಬಿದ್ದಿರುತ್ತವೆ. ತುಕ್ಕು ಮೇಲ್ಮೈಯದು, ಹದ ಒಳಗಿನದು.

ಹೊಸದನ್ನೇ ಕೊಳ್ಳುವುದಾದರೆ ಎರಡು ಪರೀಕ್ಷೆಗಳಿಗೆ ದುಡ್ಡು ಬೇಕಿಲ್ಲ. ಮೂಲೆಮಟ್ಟವನ್ನು ನೇರ ಅಂಚಿನ ಹಲಗೆಗೆ ಒತ್ತಿ ಒಂದು ಗೆರೆ ಎಳೆಯಿರಿ, ಮಗುಚಿ ಅದೇ ಬಿಂದುವಿನಿಂದ ಇನ್ನೊಂದು ಎಳೆಯಿರಿ. ಎರಡೂ ಒಂದರ ಮೇಲೊಂದು ಬಿದ್ದರೆ ಮಟ್ಟ ಸರಿ, ಕವಲೊಡೆದರೆ ಬೇಡ. ಉಳಿಯ ಬಾಯಿಯ ಹತ್ತಿರ, ಒಂದು ಬದಿಯಲ್ಲಿ, ಸಣ್ಣ ಅರವನ್ನು ಮೆಲ್ಲಗೆ ಎಳೆದು ನೋಡಿ. ಹದ ಸರಿಯಿದ್ದರೆ ಅರ ಜಾರುತ್ತದೆ, ಕಚ್ಚಿದರೂ ಕಷ್ಟಪಟ್ಟು ಕಚ್ಚುತ್ತದೆ. ಮೆತುಕಬ್ಬಿಣಕ್ಕೆ ಹೇಗೋ ಹಾಗೆ ಸಲೀಸಾಗಿ ಪುಡಿ ಉದುರಿಸಿದರೆ ಆ ಉಳಿಯನ್ನು ರಸೀದಿಯ ಸಮೇತ ಅದೇ ದಿನ ಅಂಗಡಿಗೆ ಹಿಂದಿರುಗಿಸಿ.